ಯಾರಿಗೂ ಕೊಡದ ಸೀಮೆ

ನಾನು ಒಂದು ಸೀಮೆ. ಕಂಪ್ಯೂಟರ್ ಆಟದ ನಕಾಶೆಯಲ್ಲಿ, ಸಮುದ್ರದ ಅಂಚಿಗೆ, ಹೆಬ್ಬೆರಳಿನ ಉಗುರಿನಷ್ಟು ನೆಲ. ಯಾರೋ ಕುಳಿತು ಬಣ್ಣ ಬಳಿದು, ಇಷ್ಟು ಗೋಧಿ, ಇಷ್ಟು ಬೆಸ್ತರು ಎಂದು ಬರೆದರು, ನಾನು ಹುಟ್ಟಿದೆ. ನನ್ನ ಮೊದಲ ದೊರೆ ಒಬ್ಬ ಬೋಳುತಲೆಯ ಮುಂಗೋಪಿ. ಅವನನ್ನು ಸೋಲಿಸಿ ನನ್ನನ್ನು ಗೆದ್ದವನು ಗದಗಿನ ವಿರೂಪಾಕ್ಷ. ಹಡಗಿನಲ್ಲಿ ಮೆಕ್ಯಾನಿಕ್, ಹೊಸದಾಗಿ ಮದುವೆಯಾದವನು, ರಜೆಗೆ ಮನೆಗೆ ಬಂದು ಈ ಆಟ ಆಡುತ್ತಿದ್ದ.

ಯುದ್ಧ ಅವನದು, ಹಂಚಿಕೆ ಹೆಂಡತಿ ನೀಲಾಳದು. ಈ ಆಟದಲ್ಲಿ ರಾಜ ಎಲ್ಲ ನೆಲವನ್ನೂ ತಾನೇ ಇಟ್ಟುಕೊಂಡರೆ ಸಾಮಂತರು ಮುನಿಯುತ್ತಾರೆ. ನೀಲಾ ಅವರಿಗೆಲ್ಲ ನೆಂಟರ ಹೆಸರಿಟ್ಟು, ಅವರವರ ದನಿಯಲ್ಲೇ ಬೇಡಿ, ತಾನೇ ಕೊಡುತ್ತಿದ್ದಳು. ಸದಾ ಕೆಮ್ಮುವ ಸೋದರಮಾವನಿಗೆ ಜೌಗುನೆಲ. ಅತ್ತೆಗೆ ನೆಲವಿಲ್ಲದ ಬರೀ ಬಿರುದು.

ಅತ್ತೆ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದರು. "ಬಿರುದು ಏನ್ ಕಡದು ತಿನ್ನಲೇನವಾ? ನಾಕ ಎಕರೆ ಕೊಡು."

"ನಿಮ್ಮ ಮಗನ್ನ ಕೇಳ್ರಿ ಅತ್ತಿ. ರಾಜ್ಯ ಅವರದು."

ರಜೆ ಮುಗಿದ ದಿನ ವಿರೂಪಾಕ್ಷ ನನ್ನ ಮೇಲೆ ಬೆರಳಿಟ್ಟ. "ಈ ಜಾಗಾ ಯಾರಿಗೂ ಕೊಡಬ್ಯಾಡ. ಆರು ತಿಂಗಳಿಗೆ ಬರ್ತೀನಿ. ಕೂಡಿ ಇಲ್ಲೇ ಕ್ವಾಟಿ ಕಟ್ಟೋಣ."

ಆದರೆ ಆಟದಲ್ಲಿ ಅವನ ಪಾತ್ರವಾದ ರಾಜನಿಗೆ ಆಗಲೇ ಐವತ್ತೆಂಟು. ಅಲ್ಲಿ ಒಂದು ವರ್ಷ ಕಳೆಯಲು ಅರ್ಧ ತಾಸು ಸಾಕು. ಗಂಡ ಬರುವಷ್ಟರಲ್ಲಿ ರಾಜ ಸತ್ತೇಹೋದಾನೆಂದು ನೀಲಾ ಕಾಲವನ್ನೇ ನಿಲ್ಲಿಸಿಬಿಟ್ಟಳು. ಸಂಜೆ ಆಟ ತೆರೆಯುವಳು. ಮುಂದೆ ನಡೆಸುವ ಗುಂಡಿ ಮಾತ್ರ ಒತ್ತಳು. ಆ ನಿಂತ ದಿನದೊಳಗೇ ಸೋದರಮಾವನ ಜೌಗು ನಾದಿನಿಗೆ, ನಾದಿನಿಯ ಗುಡ್ಡ ಸೋದರಮಾವನಿಗೆ. ನನ್ನತ್ತ ನೋಡುವಳು, ಮುಂದೆ ಸರಿಯುವಳು. ನನ್ನ ತೆನೆ ಹಾಲುಗಾಳಿನಲ್ಲೇ ಇತ್ತು. ಎದ್ದ ಅಲೆ ಮುರಿಯದೆ ನಿಂತಿತ್ತು. ಅವಳಂತೆ ನಾನೂ ಅವನ ದಾರಿ ಕಾಯುತ್ತಿದ್ದೆ.

ಏಳನೆಯ ತಿಂಗಳು ಫೋನು ಬಂತು.

"ಹಡಗಿನವ್ರು ಇನ್ನ ಐದ ತಿಂಗಳ ಇರು ಅಂದ್ರು. ನಾ ಹೂಂ ಅಂದೆ."

"ಹೂಂ ಅನ್ನೂ ಮೊದಲ ನನ್ನ ಒಂದ ಮಾತು ಕೇಳಬಾರದೇನ್ರೀ?"

ಅವನು ಮಾತು ತೇಲಿಸಿದ. "ನಮ್ಮ ರಾಜ ಹೆಂಗದಾನ?"

"ಹಂಗೇ ಅದಾನ. ಅವಂಗ ಹೊಸಾದು ಒಂದ ಕೂದಲಾ ಬೆಳ್ಳಗಾಗಿಲ್ಲ. ನನಗ ಎರಡ ಆಗ್ಯಾವ."

ಫೋನಿಟ್ಟು, ಹೊಸ ಸಾಮಂತಳೊಬ್ಬಳಿಗೆ ತನ್ನ ಹೆಸರನ್ನೇ ಬರೆದಳು. ಯಾರ ದನಿಯನ್ನೂ ಅಣಕಿಸಲಿಲ್ಲ. ನನ್ನನ್ನು ಅವಳಿಗೆ ಕೊಟ್ಟು ಗುಂಡಿ ಒತ್ತಿದಳು. ಅಲೆ ಮುರಿಯಿತು. ಗೋಧಿ ಹಣ್ಣಾಯಿತು. ಕೋಟೆ ಎದ್ದಿತು. ಹತ್ತನೆಯ ಸುಗ್ಗಿಗೆ ರಾಜ ತೀರಿಕೊಂಡ. ನೀಲಾ ಕಣ್ಣೊರೆಸಿಕೊಂಡು ಆಡಿದಳು.

ಐದು ತಿಂಗಳಿಗೆ ವಿರೂಪಾಕ್ಷ ಬಂದು ಪಕ್ಕ ಕುಳಿತ. ನನ್ನ ಮೇಲೆ ಬೆರಳಿಟ್ಟ.

"ಈ ಕ್ವಾಟಿ ಯಾರದು?"

"ನಂದು."

"ಒಳಗ ಬರ್ಲೇನು?"

ನೀಲಾ ಅವನತ್ತ ತಿರುಗಿದಳು. "ಈಗರೆ ಕೇಳಿದ್ರಲ್ಲ."

ಅಂದು ಆಟ ಮುಚ್ಚಿದವರು ಮತ್ತೆ ತೆರೆದಿಲ್ಲ. ಕಂಪ್ಯೂಟರಿನ ಯಾವುದೋ ಮೂಲೆಯಲ್ಲಿ ಹಳೆಯ ಕಡತವಾಗಿ ಬಿದ್ದಿದ್ದೇನೆ. ಅವನು ಮತ್ತೆ ಹಡಗು ಹತ್ತಿದನೋ, ಹತ್ತುವ ಮೊದಲು ಅವಳನ್ನು ಕೇಳಿದನೋ, ನನಗೆ ಹೇಳುವವರಿಲ್ಲ. ಅವಳು ಒಂಟಿಯಾಗಿದ್ದರಷ್ಟೇ ನನ್ನಲ್ಲಿಗೆ ಬರುತ್ತಾಳೆಂದು ಗೊತ್ತು. ಬರದಿರಲಿ ಅನ್ನುತ್ತೇನೆ. ಅನ್ನುತ್ತಲೇ ಕೋಟೆಯ ಬಾಗಿಲು ತೆರೆದಿಟ್ಟಿರುತ್ತೇನೆ.