ಮಾಸ್ಕ್ ತೆಗೆದ ದಿನ

ಹೆರಿಗೆಯಾದ ಮೂರನೆಯ ದಿನ ಅತ್ತೆ ವಾರ್ಡಿನಲ್ಲಿ ನರ್ಸಿನ ಮೇಲೆ ಹರಿಹಾಯ್ದರು.

"ಇದು ನಮ್ಮ ಮಗುವೇ ಅಲ್ಲ. ಅದಲುಬದಲಾಗಿದೆ. ಹಣೆ, ಕೆನ್ನೆ ಎಲ್ಲ ಕೂದಲು! ನಮ್ಮಲ್ಲಿ ಯಾರಿಗಿದೆ ಇಂಥದ್ದು?"

ಬಸ್ ಓಡಿಸುವ ಮಗ ತಾಯಿಯ ಪಕ್ಕದಲ್ಲಿ ತುಟಿ ಪಿಟಕ್ಕೆನ್ನದೆ ನಿಂತಿದ್ದ.

ಸೊಸೆ ಮಾಸ್ಕನ್ನು ಕಣ್ಣಿನವರೆಗೂ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಮದುವೆಯಾಗಿ ಐದು ವರ್ಷ, ಅವಳು ದಿನವೂ ಎಲ್ಲರಿಗಿಂತ ಮೊದಲೆದ್ದು, ಬಚ್ಚಲಿನ ಚಿಲಕ ಹಾಕಿಕೊಂಡು ಮುಖ ಬೋಳಿಸಿಕೊಳ್ಳುತ್ತಿದ್ದಳು. ಮುಖದ ತುಂಬ ಕೂದಲು ಬೆಳೆಯುವುದು ತಾಯಿಯಿಂದ ಬಂದ ಕಾಯಿಲೆ, ಬೋಳಿಸುವುದು ತಾಯಿಯೇ ಕಲಿಸಿಕೊಟ್ಟ ಕೆಲಸ. ಆಸ್ಪತ್ರೆಯಲ್ಲಿ ಅದಕ್ಕೆ ಮರೆಯೇ ಸಿಕ್ಕಿರಲಿಲ್ಲ.

"ಪರೀಕ್ಷೆ ಮಾಡ್ಸೋಣ. ಅಲ್ಲೀವರೆಗೆ ಮಗು ನಮ್ಮ ಹತ್ರ ಇರ್ಲಿ," ಎಂದು ನರ್ಸ್ ಮಗುವನ್ನು ಎತ್ತಿಕೊಂಡು ಹೊರಟಳು.

ಸೊಸೆ ಹೊಲಿಗೆಯ ನೋವನ್ನೂ ಲೆಕ್ಕಿಸದೆ ಮಂಚದಿಂದಿಳಿದು ನರ್ಸಿನ ಸೆರಗು ಹಿಡಿದಳು. ಇನ್ನೊಂದು ಕೈಯಲ್ಲಿ ಮಾಸ್ಕ್ ಕಿತ್ತಳು.

"ನೋಡಿ! ನಂದೇ ಮಗು. ಕೊಡಿ."

ಮೂರು ದಿನದ ಕೂದಲು ಕೆನ್ನೆಯನ್ನೆಲ್ಲ ಮುಚ್ಚಿತ್ತು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. ಗಂಡ ಮೆಲ್ಲಗೆ ಹೇಳಿದ, "ಅಮ್ಮಾ, ಇವಳ ವಿಷ್ಯ ನಂಗೆ ಮೊದ್ಲೇ ಗೊತ್ತಿತ್ತು."

ಅವಳು ಅವನತ್ತ ತಿರುಗಿದಳು. "ಗೊತ್ತಿದ್ದೂ ಇಷ್ಟೊತ್ತು ಸುಮ್ನೆ ನಿಂತಿದ್ರಾ?"

ನರ್ಸ್ ಮಗುವನ್ನು ಅವಳ ತೋಳಿಗಿಟ್ಟಳು. ಅತ್ತೆ ಹೊರನಡೆದರು. "ಅಮ್ಮನ್ನ ಮನೆಗೆ ಬಿಟ್ಟು ಬರ್ತೀನಿ," ಎಂದು ಅವನೂ ಹಿಂದೆಯೇ ಹೋದ.

ಮನೆಗೆ ಕಳಿಸುವ ದಿನ ಬಂದರೂ ಅವನು ಬರಲಿಲ್ಲ. ಯಾರ ಜೊತೆ ಹೋಗುತ್ತೀರಿ ಎಂದು ನರ್ಸ್ ಕೇಳಿದಾಗ, ಅವಳು ಮಗುವನ್ನು ಅವುಚಿಕೊಂಡು ಬಾಗಿಲನ್ನೇ ನೋಡುತ್ತಾ ಕುಳಿತಳು.