ಹಳದಿ ಗೆರೆ

ಹಲ್ಲಿನ ಡಾಕ್ಟರಿಗೆ ತಮ್ಮ ಕೆಂಪು ಕಾರು ಇನ್ನೆರಡು ಬೆರಳು ತಗ್ಗಬೇಕಿತ್ತು. ಓಟಕ್ಕೆಂದೇ ಮಾಡಿದ, ಮೊದಲೇ ನೆಲಕ್ಕೆ ಮೂಗು ಉಜ್ಜುವಂಥ ಗಾಡಿ. ಅದೂ ಸಾಲದೆಂದು ಗಿಡ್ಡ ಸ್ಪ್ರಿಂಗುಗಳ ಡಬ್ಬಿ ಹೊತ್ತು ತಂದಿದ್ದರು. ರಸ್ತೆಯ ಪ್ರತಿ ಉಬ್ಬಿಗೂ ಹೊಟ್ಟೆ ಕೆರೆಸಿಕೊಳ್ಳಲು ಜನ ಇಷ್ಟು ಆಸೆಪಡುತ್ತಾರಲ್ಲ ಎಂದು ನನಗೆ ಮೊದಲೆಲ್ಲ ನಗು ಬರುತ್ತಿತ್ತು. ಈಗ ಸೊಂಟ ಹಿಡಿದುಕೊಳ್ಳುತ್ತದೆ, ಅಷ್ಟೇ.

ಗ್ಯಾರೇಜು ನನ್ನ ಗಂಡನದ್ದು. ಇಪ್ಪತ್ತಾರು ವರ್ಷದ ಹಿಂದೆ ಊಟದ ಡಬ್ಬಿ ಕೊಡಲು ಬಂದಿದ್ದೆ. ಒಂಚೂರು ಈ ಸ್ಪ್ಯಾನರ್ ಹಿಡ್ಕೋ ಎಂದರು, ಹಿಡಿದುಕೊಂಡೆ, ಇವತ್ತಿನವರೆಗೆ ಬಿಟ್ಟಿಲ್ಲ. ಕೆಲಸವೆಲ್ಲ ಅವರೇ ಕಲಿಸಿದ್ದು. ಮುಂದಿನ ಚಕ್ರಗಳು ಅವರವು, ಹಿಂದಿನವು ನನ್ನವು. ಬೋಲ್ಟನ್ನು ಕೊನೆಯ ಸಲ ಬಿಗಿ ಮಾಡಿದವರು ಅದರ ತಲೆಯಿಂದ ಪಕ್ಕದ ಲೋಹದವರೆಗೆ ಹಳದಿ ಬಣ್ಣದ ಒಂದು ಗೆರೆ ಎಳೆಯಬೇಕು, ಇದು ಅವರೇ ಮಾಡಿದ ನಿಯಮ. ಆಮೇಲೆ ಬೋಲ್ಟ್ ಕೂದಲೆಳೆಯಷ್ಟು ತಿರುಗಿದರೂ ಗೆರೆ ಎರಡು ತುಂಡಾಗಿ ಕಾಣುತ್ತದೆ. ಗೆರೆ ಎಳೆದರೆ ನಮ್ಮಲ್ಲಿ ಮಾತು ಕೊಟ್ಟ ಹಾಗೆ.

ಹಳೆಯ ಸ್ಪ್ರಿಂಗುಗಳನ್ನು ಹಿಚುಕಿ ಹೊರತೆಗೆಯುವ ಹೊತ್ತಿಗೇ ಮಧ್ಯಾಹ್ನವಾಯಿತು. ಅವರು ಸ್ಪ್ರಿಂಗ್ ಅದುಮುವ ಸಾಧನದ ತಿರುಪು ತಿರುಗಿಸುವುದು, ನಾನು ಸುತ್ತು ಎಣಿಸುವುದು. ಕೈ ಜಾರಿ ಸ್ಪ್ರಿಂಗ್ ಚಿಮ್ಮಿದರೆ ಮುಖ ಉಳಿಯುವುದಿಲ್ಲ. ಅವರು ಎರಡು ಸಲ ನಿಲ್ಲಿಸಿ ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಬೆವರು," ಅಂದರು.

ಬೆವರಿರಲಿಲ್ಲ. ನಾನೂ ಕೇಳಲಿಲ್ಲ. ದಣಿದವರ ಮನೆಯಲ್ಲಿ ಇಂಥ ಎಷ್ಟೋ ಮಾತುಗಳನ್ನು ನಾಳೆಗೆ ಎತ್ತಿಡುತ್ತೇವೆ.

ಚಕ್ರವನ್ನು ಗಾಡಿಗೆ ಹಿಡಿದಿಡುವ ಲೋಹದ ತೋಳಿನ ಬೋಲ್ಟುಗಳನ್ನು, ಗಾಡಿ ಜ್ಯಾಕಿನ ಮೇಲೆ ತೂಗುತ್ತಿರುವಾಗ ಪೂರ್ತಿ ಬಿಗಿ ಮಾಡಬಾರದು. ಮಾಡಿದರೆ ಒಳಗಿನ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಅಲ್ಲಿಯವರೆಗೆ ಬರೀ ಕೈಬಿಗಿ. ಗಾಡಿಯನ್ನು ನೆಲಕ್ಕಿಳಿಸಿ, ನಾಲ್ಕು ಸಲ ಕುಲುಕಿ, ಭಾರ ಕೂತ ಮೇಲೆ ಕೆಳಗಿನ ಗುಂಡಿಗಿಳಿದು ಅಳತೆಯ ರೆಂಚ್ ಹಾಕಬೇಕು; ಬೇಕಾದಷ್ಟು ಬಿಗಿಯಾದಾಗ ಅದು ಟಕ್ ಎನ್ನುತ್ತದೆ. ಮೊದಲು ನಾನಿಳಿದು ಹಿಂದಿನವನ್ನು ಮುಗಿಸಿ ಬಂದೆ. ಆಮೇಲೆ ಅವರಿಳಿದರು, ಐದು ನಿಮಿಷಕ್ಕೆ ಮೇಲೆ ಬಂದು "ಆಯ್ತು" ಎಂದರು.

ಡಾಕ್ಟರು ಆಗಲೇ ಬಾಗಿಲಲ್ಲಿ ಕೀಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತಿದ್ದರು. ಸಂಜೆ ಮಗಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಓಡಿಸಿ ನೋಡಬೇಕಂತೆ.

ನನ್ನ ಟಾರ್ಚು ಗುಂಡಿಯಲ್ಲೇ ಉಳಿದಿತ್ತು. ತರಲು ಇಳಿದಾಗ ಬೆಳಕು ಮುಂದಿನ ಎಡಚಕ್ರದ ಬೋಲ್ಟಿನ ಮೇಲೆ ಬಿತ್ತು. ಎಂಥ ಗೆರೆ ಅದು, ಸ್ಕೇಲ್ ಇಟ್ಟು ಎಳೆದಂತೆ ನೆಟ್ಟಗೆ. ಹೋದ ತಿಂಗಳು ಮೂರು ಗಾಡಿಗಳಲ್ಲಿ ಅವರ ಗೆರೆ ತುಂಡಾಗಿ ಕಂಡು ಗಾಬರಿಯಾಗಿತ್ತು. ರೆಂಚ್ ಹಾಕಿ ನೋಡಿದರೆ ಬಿಗಿಯೇ ಇತ್ತು. ಬಣ್ಣ ಹಚ್ಚಲೂ ಬರುವುದಿಲ್ಲವೇ ಎಂದು ಬೈದು ಸುಮ್ಮನಾಗಿದ್ದೆ. ಪರವಾಗಿಲ್ಲ, ಬೈದದ್ದು ನಾಟಿದೆ ಎಂದುಕೊಂಡು ಗೆರೆಯನ್ನು ಮುಟ್ಟಿದೆ.

ಒಣಗಿತ್ತು.

ಅವರಿಗಿಂತ ಮೊದಲು ಇಳಿದು ನಾನು ಎಳೆದ ಹಿಂದಿನ ಚಕ್ರದ ಗೆರೆ ಇನ್ನೂ ಹಸಿಯಿತ್ತು, ತಾಗಿ ನನ್ನ ತೋಳಿಗೆ ಮೆತ್ತಿಕೊಂಡಿತ್ತು. ಮೇಲೆ ನೋಡಿ ಕೂಗಿದೆ.

"ಡಾಕ್ಟ್ರೇ, ಹತ್ತು ನಿಮಿಷ ಹೊರಗೆ ಕೂತ್ಕೊಳ್ಳಿ. ನೀವು ನಮ್ಮನ್ನ ಬಾಯಿ ತೆಗೆಸಿ ಒಂದು ಗಂಟೆ ಕಾಯಿಸಲ್ವಾ, ಹಾಗೆ ಅನ್ಕೊಳ್ಳಿ."

ಅವರು ನಗುತ್ತ ಹೋದರು.

"ರೀ, ಆ ರೆಂಚ್ ಕೊಡಿ ಸ್ವಲ್ಪ."

ಗಂಡ ಗುಂಡಿಯ ಅಂಚಿಗೆ ಬಂದು ಕುಕ್ಕರುಗಾಲಲ್ಲಿ ಕೂತರು. ರೆಂಚ್ ಕೊಟ್ಟರು. ನಾನು ಎಳೆದೆ. ಬೋಲ್ಟ್ ತಿರುಗಿತು, ಇನ್ನೂ ತಿರುಗಿತು, ಕಾಲು ಸುತ್ತಾದ ಮೇಲೆ ರೆಂಚ್ ಟಕ್ ಎಂದಿತು. ಆ ಚೆಂದದ ಗೆರೆ ಎರಡು ತುಂಡಾಗಿ ಒಂದು ಆ ಕಡೆ, ಒಂದು ಈ ಕಡೆ ನಿಂತಿತು.

"ಯಾವಾಗ ಎಳೆದ್ರಿ ಇದನ್ನ?"

"ಕೈಬಿಗಿ ಮಾಡಿದ ಕೂಡ್ಲೇ. ಗಾಡಿ ಇನ್ನೂ ಜ್ಯಾಕಿನ ಮೇಲಿದ್ದಾಗ." ಅಂದರು. "ಆಗ ಕೈ ನೆಟ್ಟಗಿರುತ್ತೆ. ರೆಂಚ್ ಎಳೆದ ಮೇಲೆ ನಡುಗುತ್ತೆ, ಗೆರೆ ಸೊಟ್ಟ ಬರುತ್ತೆ. ನಿನ್ನ ಕಣ್ಣು ತಪ್ಪಿಸೋಕಾಗುತ್ತಾ."

ಹೋದ ತಿಂಗಳ ಆ ಮೂರು ಗಾಡಿಗಳ ತುಂಡು ಗೆರೆಗಳ ಅರ್ಥ ಆಗ ಹೊಳೆಯಿತು. ಮೊದಲು ಬಣ್ಣ, ಆಮೇಲೆ ಬಿಗಿ. ಆ ಗಾಡಿಗಳಾದರೂ ಬಿಗಿಯಿದ್ದವಲ್ಲ ಎಂದು ಉಸಿರು ಬಿಟ್ಟೆ. ಕೂಡಲೇ ಕೋಪ ಬಂತು.

"ಇವತ್ತು ರೆಂಚೇ ಹಾಕಿಲ್ವಾ?"

"ಹಾಕ್ದೆ. ಎಳೆದೆ. ಬಿಗಿ ಆಯ್ತು ಅನ್ನಿಸ್ತು." ಬಲಗೈಯನ್ನು ಮಂಡಿಯ ಮೇಲೆ ಮಗುಚಿ ನೋಡಿಕೊಂಡರು. "ಈಗೀಗ ಕೈಗೆ ಏನೂ ಗೊತ್ತಾಗಲ್ಲ ಕಣೇ. ಟಕ್ ಅಂದಿದ್ದು ಇದೇನಾ, ಪಕ್ಕದ ಅಂಗಡೀದಾ ಅಂತಾನೂ ಗೊತ್ತಾಗಲ್ಲ."

ಬೈಯಬೇಕೆಂದು ಬಾಯಿ ತೆರೆದೆ. ಡಾಕ್ಟರ ಮಗಳು ನೆನಪಾಗಿ ಕೋಪ ಇನ್ನಷ್ಟು ಏರಿತು. ಈ ಮನುಷ್ಯನ ಮೇಲೆ ಅಷ್ಟೇ ಕನಿಕರವೂ ಉಕ್ಕಿತು. ಯಾವುದನ್ನು ಮೊದಲು ಹೇಳಲಿ ಎಂದು ತಿಳಿಯದೆ ಉಳಿದ ಬೋಲ್ಟುಗಳಿಗೆ ರೆಂಚ್ ಹಾಕಿದೆ. ಒಂದೂ ಬಿಗಿಯಿರಲಿಲ್ಲ. ಒಂದೊಂದಕ್ಕೂ ಕಾಲು ಸುತ್ತು, ಒಂದೊಂದಕ್ಕೂ ಟಕ್. ಪ್ರತಿ ಸಲವೂ ಅವರು ತಲೆಯಾಡಿಸಿದರು, ಎಣಿಸುವವರ ಹಾಗೆ.

ಮುಗಿದ ಮೇಲೆ ಹಳೆಯ ಬಣ್ಣ ಒರೆಸಿ ಅಂದೆ, "ಬನ್ನಿ, ಗೆರೆ ನೀವೇ ಎಳೀರಿ. ಸೊಟ್ಟ ಆದ್ರೆ ಆಗ್ಲಿ."

ಅವರು ಇಳಿಯಲಿಲ್ಲ. ಜೇಬಿನಿಂದ ಬಣ್ಣದ ಪುಟ್ಟ ಸೀಸೆ ತೆಗೆದರು. ಮುಂದಿನ ಚಕ್ರಗಳ ಸೀಸೆ ಅದು. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ನನ್ನ ಕೈಗೆ ಕೊಟ್ಟವರಲ್ಲ.

"ಬಿಗಿ ಮಾಡಿದವರೇ ಎಳೀಬೇಕು," ಅಂದರು. "ತಗೋ. ನಿನ್ನ ಹತ್ರಾನೇ ಇಟ್ಕೋ."

ತೆಗೆದುಕೊಂಡೆ. ಕುಂಚ ಅದ್ದಿ ಬೋಲ್ಟಿನ ತಲೆಗೆ ಹಿಡಿದರೆ ಕೈ ನಿಲ್ಲಲೊಲ್ಲದು. ರೆಂಚ್ ಎಳೆದದ್ದಕ್ಕೋ, ಮತ್ಯಾತಕ್ಕೋ. ಅವರು ಮೇಲಿನಿಂದ ಬಗ್ಗಿ ನೋಡಿದರು.

"ಸೊಟ್ಟ ಆಯ್ತು," ಅಂದರು.

"ಬಿಗಿ ಇದೆ," ಅಂದೆ.