ಹೊಸ್ತಿಲಲ್ಲಿ ಚಾಚಿದ ಕೈ

ಹುಳುಮನೆಯ ಬಾಗಿಲಲ್ಲಿ ಸುವರ್ಣಮ್ಮ ನಿಂತಳೆಂದರೆ ಕೈ ಚಾಚದೆ ಯಾರೂ ಒಳಗೆ ಹೋಗುವಂತಿರಲಿಲ್ಲ. ಮೊದಲು ಸುಣ್ಣದ ಪುಡಿ ಚೆಲ್ಲಿದ ಗೋಣಿಚೀಲದ ಮೇಲೆ ಕಾಲೊರೆಸಬೇಕು, ಆಮೇಲೆ ಕೈ. ಅಂಗೈ ತಿರುವಿ, ಬೆರಳ ಸಂದು ಬಿಡಿಸಿ, ಮೂಗಿನ ಹತ್ತಿರ ಹಿಡಿದು ಮೂಸುವಳು. ಎಣ್ಣೆಯದೋ ಊದುಬತ್ತಿಯದೋ ಒಗ್ಗರಣೆಯದೋ ವಾಸನೆ ಸ್ವಲ್ಪ ಸುಳಿದರೂ ಸಾಕು, "ತೊಳ್ಕಂಡು ಬಾ ಓಗು" ಎಂದು ಹಿಂದಕ್ಕೆ ಅಟ್ಟುವಳು. ರೇಷ್ಮೆ ಹುಳ ಬಸುರಿಗಿಂತ ಸೂಕ್ಷ್ಮ ಎಂದು ಆಕೆ ಹೇಳುತ್ತಿದ್ದಳು. ಮದುವೆಯಾಗಿ ಎರಡು ವರ್ಷವಾದರೂ ಬಸುರಾಗದ ಸೊಸೆಯ ಎದುರಿಗೇ ಹೇಳುತ್ತಿದ್ದಳು.

ಆ ಮನೆಯಲ್ಲಿ ಕೈ ಚಾಚದೆ ಒಳಗೆ ಹೋಗುತ್ತಿದ್ದವನು ಅವಳ ಗಂಡ ರುದ್ರಸ್ವಾಮಿ ಒಬ್ಬನೇ. ಯಜಮಾನನ ಕೈ ಮೂಸುವುದು ಎಲ್ಲಾದರೂ ಉಂಟೆ? ಅವನಿಗಿದ್ದ ಒಂದೇ ಚಟ ನಶ್ಯ. ಮೂಗಿನಲ್ಲಿ ರಕ್ತ ಬಂದ ವರ್ಷ, ಬೆಳಗಿನ ಪೂಜೆಯ ಹೊತ್ತಿನಲ್ಲಿ, ಅವನ ಅಂಗೈ ಮೇಲಿದ್ದ ಲಿಂಗದ ಮುಂದೆಯೇ ಸುವರ್ಣಮ್ಮ ಮಾತು ತೆಗೆದುಕೊಂಡು ಅದನ್ನು ಬಿಡಿಸಿದ್ದಳು. ಆಮೇಲೆ ಮಾಂಬಳ್ಳಿಯಲ್ಲಿ ಚಟವಿಲ್ಲದ ಗಂಡಸು ಎಂದರೆ ರುದ್ರಸ್ವಾಮಿ ಎಂದು ತಾನೇ ಹೇಳಿಕೊಂಡು ತಿರುಗಿದ್ದಳು.

ಸೊಸೆ ಶಿವರಂಜನಿಯ ಕೈಯನ್ನು ಮಾತ್ರ ಆಕೆ ಎರಡೆರಡು ಸಲ ಮೂಸುವಳು. ಅದಕ್ಕೆ ಕಾರಣವಿತ್ತು. ರಂಜನಿಯ ತಂದೆ ಯಳಂದೂರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವನು. ಗಂಡನ ಮನೆಗೆ ಬರುವಾಗ ಅವಳು ಸೀರೆಗಳ ಜೊತೆ ಒಂದು ಬಿಸ್ಕತ್ತಿನ ಡಬ್ಬಿಯನ್ನೂ ತಂದಿದ್ದಳು. ಅದರ ತುಂಬ ತಂತಿ, ಹಳೇ ಸ್ಪೀಕರು, ಟ್ರಾನ್ಸಿಸ್ಟರುಗಳು, ಬೆಸುಗೆ ಹಾಕುವ ಕರೆಂಟಿನ ಕಡ್ಡಿ, ಒಂದು ಉಂಡೆ ರಾಳ. ಊರಿಗೆಲ್ಲ ಟಿ.ವಿ. ಎರಡೇ ಇದ್ದ ಕಾಲ ಅದು. ಮೂಕಾದ ರೇಡಿಯೋಗಳನ್ನು ಹೆಂಗಸರು ಸೆರಗಿನಲ್ಲಿ ಮುಚ್ಚಿ ಅವಳ ಹತ್ತಿರ ತರುತ್ತಿದ್ದರು.

ಜೊತೆಗೆ ಓದು. ಎರಡನೇ ಪಿ.ಯು.ಸಿ. ಅರ್ಧದಲ್ಲಿದ್ದಾಗಲೇ ಮದುವೆಯಾಗಿತ್ತು. ಹೋದ ವರ್ಷ ಪರೀಕ್ಷೆ ಕಟ್ಟಲು ಆಗಿರಲಿಲ್ಲ. ಈ ವರ್ಷ ಕಟ್ಟಿದ್ದಳು, ಕೊಳ್ಳೇಗಾಲದಲ್ಲಿ ಬರೆಯಬೇಕಿತ್ತು. ಅತ್ತೆ ಸೊಸೆಯ ನಡುವೆ ಒಂದು ಒಪ್ಪಂದವಾಗಿತ್ತು. ಹುಳಕ್ಕೆ ಸೊಪ್ಪು, ಮನೆಗೆ ಅಡುಗೆ, ಆಮೇಲೆ ಪುಸ್ತಕ. ಅದೆಲ್ಲ ಮುಗಿದು ಹೊತ್ತು ಮಿಕ್ಕರೆ ಜಗಲಿಯ ಮೂಲೆಯಲ್ಲಿ ಡಬ್ಬಿ. ಇವುಗಳಲ್ಲಿ ಯಾವುದು ಹೆಚ್ಚುಕಮ್ಮಿಯಾದರೂ ಕೊನೆಯದನ್ನು ಮೊದಲು ಬಿಡಬೇಕು. ರಂಜನಿ ಅದನ್ನು ಮೀರಿರಲಿಲ್ಲ. ಸಾರು ಕುದಿಯುವಷ್ಟರಲ್ಲಿ ಚರಿತ್ರೆ ಪುಸ್ತಕದ ಒಂದು ಹಾಳೆ ಓದುವುದನ್ನು ಕಲಿತಿದ್ದಳು.

ಹುಳ ಮೂರನೇ ಜ್ವರದಿಂದ ಎದ್ದ ಮೇಲೆ ಕೆಟ್ಟದ್ದು ಶುರುವಾಯಿತು. ಜ್ವರವೆಂದರೆ ಹುಳ ಸೊಪ್ಪು ಬಿಟ್ಟು ತಲೆಯೆತ್ತಿ ಅಲ್ಲಾಡದೆ ಕೂತು ಪೊರೆ ಕಳಚುವ ಹೊತ್ತು. ಎದ್ದ ಮೇಲೆ ಬಕಾಸುರನ ಹಾಗೆ ತಿನ್ನಬೇಕು. ಆದರೆ ಹಿಂದಿನ ಮೂಲೆಯ ಎರಡು ಬಿದಿರು ತಟ್ಟೆಗಳಲ್ಲಿ ಹುಳಗಳು ತಲೆ ಆಡಿಸುತ್ತ ಹಸಿರು ನೀರು ಕಕ್ಕಿ, ಮೈ ಕುಗ್ಗಿ ಸತ್ತುಬಿದ್ದಿದ್ದವು.

ಸುವರ್ಣಮ್ಮ ಅಳಲಿಲ್ಲ. ಒಬ್ಬೊಬ್ಬರನ್ನೇ ನೋಡುತ್ತ ಬಂದಳು. ಮೊದಲು ಸಿಕ್ಕವನು ಸೊಪ್ಪು ಕೊಯ್ದು ತರುವ ಆಳು ಚಿಕ್ಕಸಿದ್ದಯ್ಯ.

"ಲೇ, ಒಗೆಸೊಪ್ಪು ಜಗೀತಾ ಜಗೀತಾನೇ ನಮ್ ಸೊಪ್ಪು ಕೊಯ್ದಾ?"

"ಅವ್ವಾರೆ, ಒಗೆಸೊಪ್ಪು ಜಗ್ಯೋದು ಬಾಯ್ಲಿ, ಸೊಪ್ಪು ಕೊಯ್ಯೋದು ಕೈಲಿ. ನೀವ್ ಯೋಳುದ್ರೆ ನಾಳಿಂದ ಬಾಯ್ನ ಮನೇಲೇ ಬುಟ್ಟು ಬತ್ತೀನಿ."

"ಬುಟ್ಟು ಬಂದ್ರೆ ಊರೇ ತಣ್ಣಗಿರ್ತದೆ. ಓಗು, ಆ ಮರದ ತಾವೇ ಮೂಟೆ ಇಳ್ಸು. ಈಚೆಗೆ ಬರ್ಬ್ಯಾಡ."

ಆಮೇಲೆ ಸೊಸೆಯ ಕಡೆ ತಿರುಗಿದಳು. ರಂಜನಿಯ ಸೆರಗು ಹಿಡಿದು ಮೂಸಿದಳು. ಅದರಲ್ಲಿ ರಾಳ ಸುಟ್ಟ ವಾಸನೆಯಿತ್ತು.

"ಇದೇ ಕಣ್ರಿ," ಎಂದಳು ಗಂಡನಿಗೆ. "ನಾನು ಬೆಳಿಗ್ಗೆ ಒಂದು ಸಾಸಿವೆ ಸಿಡಿಸೋಕೆ ಎದುರ್ಕತೀನಿ. ಇವಳು ಜಗಲೀಲಿ ಕೂತು ಸೀಸ ಸುಡ್ತಾಳೆ. ಆ ಒಗೆ ಎಲ್ಲಿಗೋಯ್ತದೆ?"

ಜಗಲಿಯ ಮೇಲೆ ಕೂತಿದ್ದ ರುದ್ರಸ್ವಾಮಿ ಮೂಗು ಉಜ್ಜಿಕೊಂಡ. "ಒಗೆ ಅಷ್ಟ್ ದೂರ ಓಯ್ತದಾ ಅಮ್ಮಿ? ಮಗ ಓದ್ಕತಾ ಇರ್ತದೆ ಪಾಪ," ಎಂದ. ಆ ಮನೆಯಲ್ಲಿ ರಂಜನಿಯ ಪರ ಮಾತಾಡುವವನು ಅವನೊಬ್ಬನೇ. ಆದರೆ ಅದಕ್ಕಿಂತ ಹೆಚ್ಚಿಗೆ ಮಾತಾಡಲಿಲ್ಲ.

ಡಬ್ಬಿ ಅಟ್ಟ ಸೇರಿತು. ಪರೀಕ್ಷೆಯ ಮಾತು ಆವತ್ತೇ ತೀರ್ಮಾನವಾಗಲಿಲ್ಲ. "ಉಳಿದ ಹುಳಕ್ಕೆ ಇನ್ನೊಂದ್ ಸಲ ಇಂಗಾಗ್ಲಿ, ಆವಾಗ ಕೊಳ್ಳೇಗಾಲದ ಬಸ್ಸು ಯಾವ ಬಣ್ಣ ಅಂತ್ಲೂ ನೀನ್ ನೋಡಂಗಿಲ್ಲ" ಎಂದಷ್ಟೇ ಸುವರ್ಣಮ್ಮ ಹೇಳಿದಳು.

ರಂಜನಿಯ ಗಂಡ ಶಿವಕುಮಾರಸ್ವಾಮಿ ಚಾಮರಾಜನಗರದ ಅಕ್ಕಿ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದ. ಭಾನುವಾರ ಮಾತ್ರ ಬರುತ್ತಿದ್ದ. ಬಂದವನು ಎಲ್ಲ ಕೇಳಿಸಿಕೊಂಡು, "ಅವ್ವಂಗೆ ಎದುರಾಡ್ಬ್ಯಾಡ. ಮುಂದಿನ ವರ್ಷ ಬರೀಬೋದಲ್ಲ" ಎಂದ.

"ಹೋದ ವರ್ಷನೂ ಇದೇ ಮುಂದಿನ ವರ್ಷನ ತೋರ್ಸಿದ್ರಿ" ಎಂದಳು ರಂಜನಿ. ಅವನು ಚಪ್ಪಲಿ ಹುಡುಕಿಕೊಂಡು ಹೊರಗೆ ಹೋದ.

ಅವಳ ಮನಸ್ಸಿನಲ್ಲಿ ಒಂದು ವಿಷಯ ಕೊರೆಯುತ್ತಿತ್ತು. ಜಗಲಿಯ ಹೊಗೆಯಿಂದ ಸಾಯುವುದಾದರೆ ಬಾಗಿಲ ಪಕ್ಕದ ತಟ್ಟೆಗಳು ಮೊದಲು ಸಾಯಬೇಕಿತ್ತು. ಸೊಪ್ಪಿನದೇ ದೋಷವಾದರೆ ಎಲ್ಲ ತಟ್ಟೆಗೂ ಬಿದ್ದದ್ದು ಅದೇ ಸೊಪ್ಪು. ಸತ್ತದ್ದು ಹಿಂದಿನ ಕಿಟಕಿಯ ಹತ್ತಿರದವು ಮಾತ್ರ. ಅಲ್ಲಿಗೆ ಯಾರೋ ಬರುತ್ತಿದ್ದಾರೆ. ಯಾರು?

ಅನುಮಾನ ಒಂದು ಸಲ ಒಳಗೆ ಬಂದರೆ ಎಲ್ಲರ ಮೇಲೂ ಕೂರುತ್ತದೆ. ಚಿಕ್ಕಸಿದ್ದಯ್ಯ ಹಿತ್ತಿಲಿನಿಂದ ಹಾದುಹೋದಾಗ ಕಣ್ಣಿಟ್ಟು ನೋಡಿದಳು. ಗಂಡನ ಅಂಗಿಯನ್ನು ಒಗೆಯುವ ಮೊದಲು ಮೂಸಿದಳು. ಸುವರ್ಣಮ್ಮನ ಮೇಲೂ ಅನುಮಾನಪಟ್ಟಳು. ಸೊಸೆ ಪರೀಕ್ಷೆಗೆ ಹೋಗಬಾರದೆಂದು ಎರಡು ತಟ್ಟೆ ಹುಳವನ್ನು ಬಲಿಕೊಡುವಷ್ಟು? ಛೆ, ಅಷ್ಟಿಲ್ಲ. ಹುಳದ ಮೇಲಿನ ಆಸೆ ಆಕೆಗೆ ಅದಕ್ಕಿಂತ ದೊಡ್ಡದು.

ಹುಳ ನಾಲ್ಕನೇ ಜ್ವರಕ್ಕೆ ಕೂರುವ ಮುಂಚೆ ಅದೇ ಮೂಲೆಯ ಇನ್ನೊಂದು ತಟ್ಟೆಯ ಹುಳಗಳೂ ಕಕ್ಕಿ ಸತ್ತವು.

"ಅಟ್ಟ ಅತ್ತಿದ್ಯಾ?" ಸುವರ್ಣಮ್ಮ ಕೇಳಿದಳು.

"ಇಲ್ಲ ಅತ್ತೆ. ಡಬ್ಬಿ ಮೇಲಿನ ಧೂಳು ನೋಡಿ ಬೇಕಾದ್ರೆ."

ಸುವರ್ಣಮ್ಮ ನಿಜವಾಗಿಯೂ ಏಣಿ ಹಾಕಿ ಹತ್ತಿ ಧೂಳು ನೋಡಿದಳು. ಇಳಿದು ಬಂದ ಮೇಲೆ ಅವಳ ಮುಖ ಬಿಗಿದಿತ್ತು. ಧೂಳು ಹಾಗೇ ಇತ್ತು.

"ಅತ್ತೆ, ಜ್ವರದಲ್ಲಿ ಯಾರೂ ಒಳಗೆ ಹೋಗಂಗಿಲ್ಲ ಅಲ್ವಾ," ಎಂದಳು ರಂಜನಿ. "ಬಾಗ್ಲಿಗೆ ಒಂದು ಗಂಟೆ ಕಟ್ತೀನಿ. ಯಾರು ತೆಗೆದ್ರೂ ಅಡಿಗೆಮನೇಲಿ ಕೂಗ್ತದೆ. ಆಮೇಲೆ ನನ್ನ ಬೈಯೋದಿದ್ರೆ ಬೈರಿ."

"ಸುಡಂಗಿಲ್ಲ."

"ಸುಡಲ್ಲ. ತಂತಿ ತಿರುವಿ ಕಟ್ತೀನಿ."

ಅಟ್ಟದ ಡಬ್ಬಿಯಿಂದ ಬೇಕಾದಷ್ಟನ್ನೇ ತೆಗೆದುಕೊಂಡು, ಪೌಡರ್ ಡಬ್ಬಿಯ ತಗಡಿನಿಂದ ಎರಡು ಪಟ್ಟಿ ಕತ್ತರಿಸಿ ಬಾಗಿಲ ಚೌಕಟ್ಟಿಗೆ ಹೊಡೆದಳು. ಬಾಗಿಲು ಮುಚ್ಚಿದ್ದಾಗ ಅದಕ್ಕೆ ಹೊಡೆದ ಒಂದು ಮರದ ಚಕ್ಕೆ ಅವೆರಡನ್ನೂ ದೂರ ಇಡುತ್ತಿತ್ತು, ತೆರೆದರೆ ಪಟ್ಟಿಗಳು ಕೂಡಿಕೊಳ್ಳುತ್ತಿದ್ದವು. ತಂತಿ ತೊಲೆಯ ಮೇಲೆ ಹರಿದು ಅಡುಗೆಮನೆಗೆ ಬಂತು. ಅಲ್ಲಿ ಸತ್ತ ರೇಡಿಯೋದ ಸ್ಪೀಕರು, ಒಂದು ಟ್ರಾನ್ಸಿಸ್ಟರು, ಎರಡು ಸೆಲ್ಲು. ಬಾಗಿಲು ತೆಗೆದು ನೋಡಿದಾಗ ಸ್ಪೀಕರು ಹಂದಿಮರಿಯ ಹಾಗೆ ಕಿರುಚಿತು. ಸುವರ್ಣಮ್ಮ ಬೆಚ್ಚಿ, "ಥೂ ಇದ್ರ" ಎಂದಳು. ಆದರೆ ಇನ್ನೊಂದು ಸಲ ತಾನೇ ತೆಗೆದು ನೋಡಿದಳು. ತೋಟದಲ್ಲಿದ್ದ ರುದ್ರಸ್ವಾಮಿಗೆ ರಾತ್ರಿ ಊಟದ ಹೊತ್ತಿಗೆ ಗಂಟೆಯ ವಿಷಯ ತಿಳಿಯಿತು. "ಅದೆಲ್ಲ ಆಟದ ಸಾಮಾನು" ಎಂದು ನಕ್ಕ.

ಮಾರನೇ ದಿನ ಹುಳ ಜ್ವರಕ್ಕೆ ಕೂತವು. ಮಧ್ಯಾಹ್ನ ಊರೇ ಬಿಸಿಲಿಗೆ ಮುಚ್ಚಿಕೊಂಡಿತ್ತು. ಸುವರ್ಣಮ್ಮ ಹಿತ್ತಿಲಿನಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದಳು. ರಂಜನಿ ಒರಳಿಗೆ ಪುಸ್ತಕ ಒರಗಿಸಿ ಓದುತ್ತಿದ್ದಾಗ ಸ್ಪೀಕರು ಕಿರುಚಿತು.

ಅವಳು ಓಡಲಿಲ್ಲ. ಸದ್ದಾಗದ ಹಾಗೆ ನಡೆದು ಹೋದಳು. ಹುಳುಮನೆಯ ಹಿಂದಿನ ಕಿಟಕಿಯ ಹತ್ತಿರ ಬೆನ್ನು ತೋರಿಸಿ ನಿಂತಿದ್ದವನು ಮಾವ. ಎಡಗೈಯಲ್ಲಿ ನಶ್ಯದ ಚಪ್ಪಟೆ ಡಬ್ಬಿ. ಮೂಗಿಗೇರಿಸಿದ ಬೆರಳನ್ನು ಅಭ್ಯಾಸಬಲದಿಂದ ಕೊಡವಿದ. ಕೆಳಗೆ ತಟ್ಟೆಯಿತ್ತು.

"ಮಾವ."

ರುದ್ರಸ್ವಾಮಿ ಡಬ್ಬಿಯನ್ನು ಸೊಂಟದ ಪಂಚೆಗೆ ಸಿಕ್ಕಿಸಿಕೊಂಡ. "ಏನ್ ಮಗ, ಓದ್ತಿರ್ನಿಲ್ವಾ?"

"ಗಂಟೆ ಹೊಡ್ಕಳ್ತು."

"ಓ. ಅದು ನಿಜ್ವಾಗ್ಲೂ ಕೂಗ್ತದಾ?"

"ಇಲ್ಲೇ ಯಾಕ್ ಬರ್ತೀರಿ ಮಾವ? ತೋಟ ಇಲ್ವಾ?"

"ತೋಟದಲ್ಲಿ ಚಿಕ್ಕಸಿದ್ದ ಇರ್ತಾನೆ, ಅವನ ಬಾಯಿ ನಿಲ್ಲಾಕಿಲ್ಲ. ಹಿತ್ಲಲ್ಲಿ ನಿಮ್ಮತ್ತೆ. ಜಗಲೀಲಿ ಊರೇ ಇರ್ತದೆ." ಅವನ ದನಿ ಇಳಿಯಿತು. "ಯಾರೂ ಬರಂಗಿಲ್ಲ ಅನ್ನೋ ಜಾಗ ಈ ಮನೇಲಿ ಇದೊಂದೆಯ."

"ಹುಳ ಸತ್ತಿದ್ದು ಈ ಹೊಗೆಸೊಪ್ಪಿನ ಪುಡಿಯಿಂದ್ಲೇ ಅಲ್ವಾ?"

"ಇಷ್ಟೇ ಇಷ್ಟು ಚಿಟಿಕೆ ಮಗ. ನಾನು ಕಿಟಕಿ ಆಚೆಗೇ ಕೊಡವೋದು." ಹೇಳುವಾಗ ಅವನು ತಟ್ಟೆಯ ಕಡೆ ನೋಡಲಿಲ್ಲ. "ನಿಮ್ಮತ್ತೆಗೆ ಯೋಳ್ಬ್ಯಾಡ ಕಣವ್ವ. ಲಿಂಗ ಮುಟ್ಟಿ ಮಾತ್ ಕೊಟ್ಟಿದ್ದೀನಿ. ನಿನ್ ಪರೀಕ್ಷೆಗೆ ನಾನ್ ಜವಾಬ್ದಾರಿ, ನಾನೇ ಕಳಿಸ್ತೀನಿ."

ಅತ್ತೆ ತನ್ನ ಸೆರಗು ಮೂಸಿದ ದಿನ ಇವನು ಎದುರಿಗೇ ಕೂತು ಮೂಗು ಉಜ್ಜಿಕೊಂಡಿದ್ದು ರಂಜನಿಗೆ ನೆನಪಾಯಿತು. ಆಗ ಇವನಿಗೆ ಗೊತ್ತಿತ್ತೇ? ಗೊತ್ತಿಲ್ಲದ ಹಾಗೆ ಇದ್ದುಬಿಟ್ಟನೇ?

ಹಿತ್ತಿಲಿನಿಂದ ಸುವರ್ಣಮ್ಮ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಮಾವ ಬೀದಿಗಿಳಿದಿದ್ದ. "ಗಂಟೆ ಒಡ್ಕಳ್ತಲ್ಲ, ಯಾರು?"

"ಬೆಕ್ಕು, ಅತ್ತೆ."

ಸುವರ್ಣಮ್ಮ ಬಾಗಿಲಿಗೆ ಹೋಗಿ ಚಿಲಕವನ್ನು ಮುಟ್ಟಿ ನೋಡಿದಳು. ಮತ್ತೆ ಹುಣಸೆಹಣ್ಣಿಗೆ ಹೋದಳು.

ಮಾತು ಬಂದದ್ದು ಸಂಜೆ, ರುದ್ರಸ್ವಾಮಿ ಮುದ್ದೆ ಮುರಿಯುತ್ತ, "ನಾಳಿದ್ದು ಮಗೀನ ಪರೀಕ್ಷೆಗೆ ಕಳ್ಸುಮಾ. ಪಾಪ, ಎಷ್ಟ್ ಓದ್ಕಂಡದೆ" ಎಂದಾಗ.

"ಏನಿದು, ಇವತ್ತು ಇಷ್ಟೊಂದ್ ಮಾತು?" ಸುವರ್ಣಮ್ಮ ಸೌಟು ಕೆಳಗಿಟ್ಟಳು. "ಮೊನ್ನೆ ತಟ್ಟೆ ಸತ್ತಾಗ ಬಾಯ್ ಬಿಡ್ನಿಲ್ಲ. ಇವಳು ನಿಮ್ ಕಿವಿಗೆ ಏನ್ ಊದುದ್ಲು?" ಆಮೇಲೆ ಸೊಸೆಗೆ, "ಚಿಲಕ ತೆಗಿಯೋ ಬೆಕ್ಕ ನಾನು ಈ ವಯಸ್ಸಿಗೆ ಕಂಡಿಲ್ಲ. ನೀನೇ ಒಳಕ್ಕೋಗಿ, ನೀನೇ ಬೆಕ್ಕು ಅಂತೀಯ. ಒಳಗೆ ಏನ್ ಮಾಡ್ತಿದ್ದೆ? ಬ್ಯಾಡ, ಯೋಳ್ಬ್ಯಾಡ. ಪರೀಕ್ಷೆನೂ ಬ್ಯಾಡ."

ರಂಜನಿ ಮಾವನ ಮುಖ ನೋಡಿದಳು. ಅವನು ಸಾರಿನಲ್ಲಿ ಏನೋ ಹುಡುಕುವವನ ಹಾಗೆ ತಟ್ಟೆಗೆ ಬಾಗಿದ್ದ.

ಪರೀಕ್ಷೆಯ ಬೆಳಿಗ್ಗೆ ಹುಳ ಜ್ವರದಿಂದ ಎದ್ದವು. ಆ ಮೊದಲ ಸೊಪ್ಪಿಗೆ ಮನೆಯವರೆಲ್ಲ ಬೇಕು. ರಂಜನಿ ಹಳೇ ಸೀರೆಯಲ್ಲೇ ಬಂದು ಗೋಣಿಚೀಲದ ಮೇಲೆ ಕಾಲೊರೆಸಿ ಕೈ ಚಾಚಿದಳು. ಸುವರ್ಣಮ್ಮ ಬಹಳ ಹೊತ್ತು ಮೂಸಿದಳು. ಬೆರಳ ಸಂದು, ಉಗುರು, ಮುಂಗೈ.

"ಒಳಕ್ಕೋಗು."

ರಂಜನಿ ಒಳಗೆ ಹೋಗಲಿಲ್ಲ. ಹಿಂದೆ ಸೊಪ್ಪಿನ ಮಕ್ಕರಿ ಹೊತ್ತು ರುದ್ರಸ್ವಾಮಿ ನಿಂತಿದ್ದ. ಎಂದಿನಂತೆ ದಾಟಿಕೊಂಡು ಹೋಗಲು ಕಾಲೆತ್ತಿದ್ದ.

"ಅತ್ತೆ, ಇವತ್ತು ಮಾವನವರ ಕೈನೂ ನೋಡಿ" ಎಂದಳು ರಂಜನಿ.

"ಏನಂದೆ?"

"ಎಲ್ಲರದೂ ನೋಡ್ತೀರಲ್ಲ. ಅವರದೂ ನೋಡಿ ಅಂದೆ."

ಮರದ ಕೆಳಗೆ ಮೂಟೆ ಬಿಚ್ಚುತ್ತಿದ್ದ ಚಿಕ್ಕಸಿದ್ದಯ್ಯ ಜಗಿಯುವುದನ್ನು ನಿಲ್ಲಿಸಿದ. ಸುವರ್ಣಮ್ಮನ ಮುಖ ಕೆಂಪಾಯಿತು. ಬೈಯಲು ಬಾಯಿ ತೆರೆದವಳು, ಗಂಡ ಮಕ್ಕರಿಯನ್ನು ಇನ್ನೊಂದು ಕೈಗೆ ಬದಲಿಸಿ ಬಲಗೈಯನ್ನು ಪಂಚೆಗೆ ಒರೆಸಿಕೊಳ್ಳುವುದನ್ನು ಕಂಡಳು. ಅದೊಂದು ಸಾಕಾಯಿತು.

"ಕೊಡಿ."

"ಇದೇನಮ್ಮಿ ಹುಡುಗಾಟ, ಹುಳ ಅಸ್ಕಂಡವೆ."

"ಕೊಡಿ ಅಂದೆ."

ಕೈ ಹಿಡಿದು ಮೂಸಿದಳು. ತಿರುವಲಿಲ್ಲ, ಸಂದು ಬಿಡಿಸಲಿಲ್ಲ. ಒಂದೇ ಸಲ. ಆಮೇಲೆ ಕೈ ಬಿಟ್ಟು ಮಕ್ಕರಿಯನ್ನು ಕಿತ್ತುಕೊಂಡು, ಅದರ ಸೊಪ್ಪನ್ನೆಲ್ಲ ಅಂಗಳಕ್ಕೆ ಸುರಿದಳು.

"ಚಿಕ್ಕಸಿದ್ದಾ, ಬಾಯಿ ಮುಕ್ಕಳಿಸಿ ಬೇರೆ ಸೊಪ್ಪು ತಕಂಡ್ ಬಾ," ಎಂದಳು. ಗಂಡನ ಕಡೆ ನೋಡದೆ ಸೊಸೆಯನ್ನು ಕೇಳಿದಳು: "ಬಸ್ಸು ಎಷ್ಟೊತ್ತಿಗೆ?"

"ಈಗ ಬರ್ತದೆ."

"ಸೀರೆ ಬದಲಾಯ್ಸ್ಕಂಡು ಓಗು ಮತ್ತೆ. ನಿಂತ್ಕಂಡು ನನ್ ಮುಖ ನೋಡಿದ್ರೆ ಬಸ್ಸು ನಿಲ್ತದಾ?"

ಸಂಜೆ ರಂಜನಿ ಕೊಳ್ಳೇಗಾಲದಿಂದ ಬಂದಾಗ ಅಡುಗೆಮನೆಯ ಸ್ಪೀಕರು ಅಲ್ಲಿರಲಿಲ್ಲ. ಸುವರ್ಣಮ್ಮ ಅದನ್ನು ತಾನು ಮಲಗುವ ಜಾಗಕ್ಕೆ ಎಳೆದು ಇಟ್ಟುಕೊಂಡಿದ್ದಳು. ತಂತಿ ಸಾಲದೆ ಎಲ್ಲೋ ಕಿತ್ತುಬಂದಿತ್ತು. ಬಿಸ್ಕತ್ತಿನ ಡಬ್ಬಿ ಅಟ್ಟದಿಂದ ಇಳಿದು ಒಲೆಯ ಪಕ್ಕ ಕೂತಿತ್ತು.

"ಇದ್ನ ಸರಿ ಮಾಡು," ಎಂದಳು. "ಸುಡೋದಾದ್ರೆ ಹಿತ್ಲಿಗೋಗಿ ಸುಡು. ಜಗಲೀಲಿ ಬ್ಯಾಡ. ನಂಗೆ ಆ ಒಗೆ ಮ್ಯಾಲೂ ಇನ್ನೂ ನಂಬ್ಕೆ ಇಲ್ಲ." ಡಬ್ಬಿಯನ್ನು ಸೊಸೆಯ ಕಡೆ ನೂಕಿ ಕೇಳಿದಳು, "ನಿಂಗೆ ಯಾವತ್ತಿಂದ ಗೊತ್ತಿತ್ತು?"

"ಬೆಕ್ಕು ಬಂದ ದಿನದಿಂದ."

"ಬೆಕ್ಕು ನಶ್ಯ ಏರಿಸ್ತದೆ ಅಂತ ಒಂದ್ ಮಾತು ಯೋಳ್ಬಾರ್ದಾಗಿತ್ತಾ?"

"ಹೇಳಿದ್ರೆ ನಂಬ್ತಿದ್ರಾ ಅತ್ತೆ?"

ಸಂಜೆಯ ಸೊಪ್ಪಿನ ಹೊತ್ತಾಗಿತ್ತು. ಸುವರ್ಣಮ್ಮ ಹುಳುಮನೆಯ ಹೊಸ್ತಿಲಲ್ಲಿ ಹೋಗಿ ನಿಂತಳು. ರಂಜನಿ ಕೈ ಚಾಚಿದಳು. ಅವಳ ಪಕ್ಕದಲ್ಲಿ ರುದ್ರಸ್ವಾಮಿ, ತಲೆ ತಗ್ಗಿಸಿಕೊಂಡು, ಇಸ್ಕೂಲಿನ ಹುಡುಗನ ಹಾಗೆ ಎರಡೂ ಅಂಗೈ ಮೇಲೆ ಮಾಡಿ ನಿಂತಿದ್ದ. ಸುವರ್ಣಮ್ಮ ಮೊದಲು ಸೊಸೆಯದನ್ನು ಮೂಸಿ, "ಬಸ್ಸಿನ ಕಂಬಿ ವಾಸ್ನೆ. ಸೋಪಾಕ್ಕಂಡು ಬಾ" ಎಂದಳು. ಗಂಡನ ಕೈಯಲ್ಲಿ ಸೋಪಿನ ವಾಸನೆಯೇ ಇತ್ತು. ಅದು ಬೇಕಾದ್ದಕ್ಕಿಂತ ಹೆಚ್ಚಿತ್ತು. ಅವಳು ಅವನ ಕೈ ಬಿಡದೆ, ಬೆರಳ ಸಂದು ಒಂದೊಂದೇ ಬಿಡಿಸುತ್ತ, ಇನ್ನೊಂದು ಸಲ ಮೂಸತೊಡಗಿದಳು.